ಎರಡೂ ಏರಿದರೆ ಸಾಲದು

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ಮೀಟರ್ ದರ ಏರಿತು. ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಕಾಯುವ ಶುಲ್ಕವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೆ 3 ಕಿ.ಮೀ.ಗೆ 54, 5ಕ್ಕೆ 90, 10ಕ್ಕೆ 180 ರೂಪಾಯಿ. ಇವುಗಳಲ್ಲಿ ಯಾವ ಬಾಡಿಗೆಯನ್ನು ಅದರ ದೂರದಿಂದ ಭಾಗಿಸಿದರೂ ಬರುವುದು 18. ಶಾಲೆಯ ಪುಸ್ತಕದಲ್ಲಿರುವ ‘ನೇರ ಅನುಪಾತ’ ಎಂದರೆ ಇದೇ.

ದೂರವನ್ನು ಎಕ್ಸ್, ಬಾಡಿಗೆಯನ್ನು ವೈ ಎಂದುಕೊಂಡರೆ ಸೂತ್ರ ವೈ = 18 × ಎಕ್ಸ್. ಇಲ್ಲಿ ಎಕ್ಸ್, ವೈ ಬದಲಾಗುತ್ತವೆ, 18 ಕದಲುವುದಿಲ್ಲ. ಅದು ಅನುಪಾತದ ಸ್ಥಿರಾಂಕ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು ದರ, ಆಗ ಸ್ಥಿರಾಂಕ 27 ಆಗುತ್ತದೆ. ನಂಟು ಮಾತ್ರ ಅದೇ: ದೂರ ಇಮ್ಮಡಿಯಾದರೆ ಬಾಡಿಗೆಯೂ ಇಮ್ಮಡಿ.

ಆದರೆ 1 ಕಿ.ಮೀ. ಹೋದರೂ 36 ರೂಪಾಯಿಯನ್ನೇ ಕೊಡಬೇಕು. ಭಾಗಲಬ್ಧ 18 ಅಲ್ಲ, 36. ಅಂದರೆ ಮೊದಲ 2 ಕಿ.ಮೀ. ಒಳಗೆ ನೇರ ಅನುಪಾತವಿಲ್ಲ.

ಮಕ್ಕಳು ಎಡವುವುದು ಇಂಥ ಕಡೆಯೇ. ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚಿದರೆ ನೇರ ಅನುಪಾತ ಎಂದು ಬರೆದುಬಿಡುತ್ತಾರೆ. ಕರೆಂಟ್ ಬಿಲ್ಲನ್ನೇ ನೋಡಿ. ನಿಗದಿತ ಶುಲ್ಕ 200 ರೂಪಾಯಿ, ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಳ್ಳೋಣ. 50 ಯೂನಿಟ್‌ಗೆ 500, 100 ಯೂನಿಟ್‌ಗೆ 800. ಬಳಕೆ ಇಮ್ಮಡಿಯಾಯಿತು, ಬಿಲ್ಲು ಆಗಲಿಲ್ಲ. ನಕ್ಷೆ ಬರೆದರೆ ಸರಳರೇಖೆಯೇ ಬರುತ್ತದೆ. ಆದರೆ ಅದು ಸೊನ್ನೆಯಿಂದಲ್ಲ, 200ರಿಂದ ಹೊರಡುತ್ತದೆ. ನೇರ ಅನುಪಾತದ ರೇಖೆ ಮೂಲಬಿಂದುವಿನ ಮೂಲಕವೇ ಹಾದುಹೋಗಬೇಕು. ಚೌಕದ ವಿಸ್ತೀರ್ಣದ್ದು ಇನ್ನೊಂದು ಬಗೆ: ಬಾಹು 2ರಿಂದ 4 ಆದರೆ ವಿಸ್ತೀರ್ಣ 4ರಿಂದ 16ಕ್ಕೆ ಜಿಗಿಯುತ್ತದೆ.

ನೇರ ಅನುಪಾತದ ಲೆಕ್ಕ ನಮ್ಮಲ್ಲಿ ಹಳೆಯದು. 5ನೇ ಶತಮಾನದ ಕೊನೆಯ ಹೊತ್ತಿಗೇ ಆರ್ಯಭಟ ತ್ರೈರಾಶಿಕದ ನಿಯಮ ಹೇಳಿದ್ದ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸು. 5 ಕಿಲೋ ಅಕ್ಕಿಗೆ 300 ರೂಪಾಯಿಯಾದರೆ 8 ಕಿಲೋಗೆ ಎಷ್ಟು? ಪ್ರಮಾಣ 5, ಫಲ 300, ಇಚ್ಛೆ 8, ಉತ್ತರ 480. ಫಲವನ್ನು ಪ್ರಮಾಣದಿಂದ ಭಾಗಿಸಿದಾಗ ಬರುವ 60 ಇಂದಿನ ಬೀಜಗಣಿತದ ಸ್ಥಿರಾಂಕವೇ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕವನ್ನು ವಿವರವಾಗಿ ಬಳಸಿದ್ದಾನೆ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ತ್ರೈರಾಶಿಕ ನೇರ ಅನುಪಾತವಿದ್ದಲ್ಲಿ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಮೇಲಿನ ಕರೆಂಟ್ ಬಿಲ್ಲಿಗೆ ಅದನ್ನು ಹಚ್ಚಿದರೆ 100 ಯೂನಿಟ್‌ಗೆ 1,000 ರೂಪಾಯಿ ಎಂಬ ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಕೋಷ್ಟಕ ಕೊಟ್ಟ ಪ್ರಶ್ನೆ ಎದುರಾದಾಗ ವಿದ್ಯಾರ್ಥಿಗಳು ಮೊದಲು ಪ್ರತಿಯೊಂದು ಜೋಡಿಯನ್ನೂ ಭಾಗಿಸಿ ನೋಡಲಿ. ಒಂದು ಜೋಡಿಯಲ್ಲಿ ಭಾಗಲಬ್ಧ ಬೇರೆ ಬಂದರೂ ಅದು ನೇರ ಅನುಪಾತವಲ್ಲ.