ನಾಗವಲ್ಲಿ ಬೆಳೆದಳು, ಡಾಕ್ಟರು ಕಾಣೆಯಾದರು

ಕನ್ನಡಿಗರಿಗೆ ಅತಿ ಹೆಚ್ಚು ಪರಿಚಯ ಇರೋ ದೆವ್ವ ಯಾವುದು? ಯೋಚನೆ ಮಾಡೋದೇ ಬೇಡ. ನಾಗವಲ್ಲಿ. 2004ರಲ್ಲಿ 'ಆಪ್ತಮಿತ್ರ' ಥಿಯೇಟರಿಗೆ ಬಂದಾಗ ಇನ್ನೂ ಹುಟ್ಟೇ ಇರದ ಮಕ್ಕಳಿಗೂ ಅವಳ ಹೆಸರು ಗೊತ್ತು, ಅವಳ ನಗು ಗೊತ್ತು, ಗೆಜ್ಜೆ ಸದ್ದು ಗೊತ್ತು. ಅವರೆಲ್ಲ ಅವಳನ್ನು ನೋಡಿದ್ದು ಟಿ.ವಿ.ಯಲ್ಲಿ. ಹಬ್ಬದ ದಿನ, ಭಾನುವಾರ ಮಧ್ಯಾಹ್ನ, ಕರೆಂಟ್ ಬಂದ ಖುಷಿಯಲ್ಲಿ, ಊಟದ ತಟ್ಟೆ ಹಿಡ್ಕೊಂಡು.

ಈಗ ಇನ್ನೊಂದು ಪ್ರಶ್ನೆ. 'ಆಪ್ತಮಿತ್ರ' ಸಿನಿಮಾದಲ್ಲಿ ದೆವ್ವ ಇದೆಯಾ?

ನಾನು ಈ ಪ್ರಶ್ನೆ ಕೇಳಿದಾಗಲೆಲ್ಲ ಹೆಚ್ಚಿನವರು ಹೇಳೋದು 'ಇದೆಯಲ್ಲ' ಅಂತ. ಇಲ್ಲ ವೀಕ್ಷಕರೇ. ಹಾವು ಕಾಣಿಸುತ್ತೆ, ಬೀಗ ಹಾಕಿದ ಕೋಣೆ ಇದೆ, ರಾತ್ರಿ ಹಾಡು ಕೇಳಿಸುತ್ತೆ. ಆದರೆ ಕಥೆ ಕೊನೆಗೆ ಕೊಡೋ ತೀರ್ಪು ಬೇರೆ. ಆ ಬಂಗಲೆಗೆ ಬಂದ ಗಂಗಾ ಅನ್ನೋ ಹೆಣ್ಣುಮಗಳಿಗೆ ಮನಸ್ಸಿನ ಕಾಯಿಲೆ ಇದೆ. ಹಿಂದೆ ರಾಜನೊಬ್ಬ ಸುಟ್ಟು ಕೊಂದ ನರ್ತಕಿಯ ಕಥೆ ಕೇಳಿ, ಅದನ್ನೇ ಮನಸ್ಸಿಗೆ ಹಚ್ಚಿಕೊಂಡು, ಅವಳು ತಾನೇ ಆ ನರ್ತಕಿ ಆಗಿಬಿಡ್ತಾಳೆ. ಇದನ್ನು ಪತ್ತೆ ಹಚ್ಚೋದು ಮಂತ್ರವಾದಿ ಅಲ್ಲ, ಮನೋವೈದ್ಯ. ವಿಷ್ಣುವರ್ಧನ್ ಮಾಡಿದ ಡಾಕ್ಟರ್ ವಿಜಯ್. ಸಿನಿಮಾದ ಹೆಸರಿನಲ್ಲಿರೋ ಆಪ್ತಮಿತ್ರ ಅಂದರೆ ಆ ಡಾಕ್ಟರೇ.

ಹಾಗಾದರೆ ದೆವ್ವವೇ ಇಲ್ಲದ ಸಿನಿಮಾದಿಂದ ಕನ್ನಡದ ಅತಿ ದೊಡ್ಡ ದೆವ್ವ ಹುಟ್ಟಿದ್ದು ಹೇಗೆ? ಇವತ್ತು ಹೇಳಬೇಕಾಗಿರೋದು ಇದನ್ನೇ. ಯಾಕಂದರೆ ನಾಗವಲ್ಲಿ ಬೆಳೆದ ರೀತಿಗೂ, ನಮ್ಮ ಹಳ್ಳಿಗಳಲ್ಲಿ 'ಗಾಳಿ ಸೋಕಿದೆ' ಅನ್ನಿಸಿಕೊಳ್ಳೋ ಹೆಣ್ಣುಮಕ್ಕಳ ಪಾಡಿಗೂ ಸಂಬಂಧ ಇದೆ.

ನಾಗವಲ್ಲಿಯ ತವರು ಕೇರಳ. 1993ರಲ್ಲಿ ಫಾಝಿಲ್ ನಿರ್ದೇಶಿಸಿದ 'ಮಣಿಚಿತ್ರತಾಳ್' ಅವಳ ಮೊದಲ ಮನೆ. ಅಲ್ಲಿ ಆ ಪಾತ್ರ ಮಾಡಿದ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ತಂದವರು ನಿರ್ದೇಶಕ ಪಿ. ವಾಸು, ನಿರ್ಮಾಪಕ ದ್ವಾರಕೀಶ್. ಗಂಗಾ ಆಗಿದ್ದು ಸೌಂದರ್ಯ.

ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು. ವೈದ್ಯಕೀಯ ಓದು ಅರ್ಧಕ್ಕೆ ಬಿಟ್ಟು ಸಿನಿಮಾಗೆ ಬಂದವರು. ಕನ್ನಡದವರಾದರೂ ತೆಲುಗಿನಲ್ಲಿ ದೊಡ್ಡ ತಾರೆ ಆದವರು. ಗಿರೀಶ ಕಾಸರವಳ್ಳಿಯವರ 'ದ್ವೀಪ'ವನ್ನು ತಾವೇ ನಿರ್ಮಿಸಿ, ನಟಿಸಿ, ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ತಂದವರು.

ಇಲ್ಲೊಂದು ಸ್ವಾರಸ್ಯ ಇದೆ. ಕನ್ನಡದ ನಾಗವಲ್ಲಿ ತೆಲುಗು ನರ್ತಕಿ. ಗಂಗಾ ಬಾಯಲ್ಲಿ ಇದ್ದಕ್ಕಿದ್ದಂತೆ ತೆಲುಗು ಬಂದಾಗ ಮೈಸೂರು, ಧಾರವಾಡದ ಪ್ರೇಕ್ಷಕ ಬೆಚ್ಚಿಬೀಳ್ತಾನೆ. ಅದೇ ದೃಶ್ಯವನ್ನು ಶ್ರೀನಿವಾಸಪುರದಲ್ಲೋ ಮುಳಬಾಗಿಲಲ್ಲೋ ಕೂತು ನೋಡಿ. ಅಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಮಾತು ತೆಲುಗು, ಶಾಲೆ ಮಾತು ಕನ್ನಡ, ಸಂತೆಯಲ್ಲಿ ಎರಡೂ. ಒಂದೇ ವಾಕ್ಯದಲ್ಲಿ ಭಾಷೆ ಬದಲಾಗೋದು ಅಲ್ಲಿ ದಿನದ ಬದುಕು. ಆ ಸೀಮೆಯವರಿಗೆ ತೆಲುಗು ಮಾತಾಡೋ ಹೆಣ್ಣು ದೆವ್ವ ಅಲ್ಲ, ಅತ್ತೆಮ್ಮ! ಅಂಥ ಸೀಮೆಯ ಹುಡುಗಿಯೇ ಆ ಪಾತ್ರ ಮಾಡಿದ್ದರಿಂದ ಎರಡು ಭಾಷೆಯ ನಡುವಿನ ಆ ಜಿಗಿತ ಅಷ್ಟು ಸಲೀಸಾಗಿ ಬಂತು ಅಂತ ನನಗನ್ನಿಸುತ್ತೆ.

ಇನ್ನು ನಾಗವಲ್ಲಿಯ ಸ್ವಭಾವಕ್ಕೆ ಬರೋಣ. ನಮ್ಮ ಕಥೆಗಳಲ್ಲಿ ಹೆದರಿಸೋ ಹೆಂಗಸರು ಎರಡು ಥರ. ಮಾಟಗಾತಿ ಬದುಕಿರೋವಳು, ಬೇಕಂತಲೇ ಕೆಟ್ಟದ್ದು ಮಾಡೋವಳು. ಮೋಹಿನಿ ಸತ್ತವಳು, ಆಸೆ ತೀರದೆ ಅಲೆಯೋವಳು. ನಾಗವಲ್ಲಿ ಎರಡೂ ಅಲ್ಲ. ಅವಳು ಅನ್ಯಾಯಕ್ಕೆ ಒಳಗಾದವಳು. ಇನ್ನೊಬ್ಬನನ್ನು ಪ್ರೀತಿಸಿದ್ದಕ್ಕೆ ಪ್ರಿಯಕರನನ್ನು ಕಳಕೊಂಡವಳು, ಜೀವ ಸಹಿತ ಸುಟ್ಟುಹೋದವಳು. ಅವಳ ಸಿಟ್ಟಿಗೆ ಕಾರಣ ಇದೆ, ವಿಳಾಸ ಇದೆ. ಅವಳು ದಾರಿಹೋಕರನ್ನು ಹಿಡಿಯೋಕೆ ಬಂದಿಲ್ಲ, ರಾಜನನ್ನು ಕೇಳೋಕೆ ಬಂದಿದ್ದಾಳೆ.

ಗಂಗಾಗೆ ಅವಳು ಯಾಕೆ ಬೇಕಾದಳು? ಮಂಚ ಎತ್ತೋ ದೃಶ್ಯ ನೆನಪು ಮಾಡ್ಕೊಳ್ಳಿ. ಹೊರಗೆ ಹೊರಟ ಹೆಂಡತಿಗೆ ಗಂಡ ಬೇಡ ಅಂತಾನೆ. ಅಷ್ಟೇ. ಅಲ್ಲಿವರೆಗೆ ಮೆತ್ತಗಿದ್ದ ಗಂಗಾ ಕಣ್ಣು ಬದಲಾಗುತ್ತೆ, ದನಿ ಬದಲಾಗುತ್ತೆ. ನಾವು ನೆನಪಿಟ್ಟುಕೊಂಡಿದ್ದು ಎತ್ತಿದ ಮಂಚವನ್ನು. ಮರೆತಿದ್ದು 'ಹೋಗಬೇಡ' ಅನ್ನೋ ಮಾತನ್ನು. ಗಂಗಾ ಆಗಿ ಸಿಟ್ಟು ಮಾಡ್ಕೊಳ್ಳೋಕೆ ಅವಳಿಗೆ ಆಗಲ್ಲ. ನಾಗವಲ್ಲಿ ಆದರೆ ಆಗುತ್ತೆ.

ಸಿನಿಮಾ ಇದನ್ನು ಸ್ಪ್ಲಿಟ್ ಪರ್ಸನಾಲಿಟಿ ಅಂತ ಕರೆಯುತ್ತೆ. ಸಿನಿಮಾದಷ್ಟು ನಾಟಕೀಯವಾದದ್ದು ಆಸ್ಪತ್ರೆಯಲ್ಲಿ ಅಪರೂಪ. ಆದರೆ ತಾನು ಬೇರೆ ಯಾರೋ ಆಗಿದ್ದೀನಿ, ಮೈಮೇಲೆ ಇನ್ನೊಬ್ಬರು ಬಂದಿದ್ದಾರೆ ಅನ್ನೋ ಸ್ಥಿತಿ ನಮ್ಮ ದೇಶದ ಮನೋವೈದ್ಯರಿಗೆ ಚೆನ್ನಾಗಿ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಅದಕ್ಕೆ ಜಾಗ ಇದೆ. ಎಷ್ಟೋ ಸಲ ಅದು ನಾಟಕ ಅಲ್ಲ, ಸುಳ್ಳೂ ಅಲ್ಲ. ಬಾಯಿ ಬಿಟ್ಟು ಹೇಳೋಕಾಗದ ಸಂಕಟ ಇನ್ನೊಬ್ಬರ ದನಿಯಲ್ಲಿ ಹೊರಗೆ ಬರುತ್ತೆ. ಸೊಸೆ ಹೇಳಿದರೆ ಕೇಳದ ಮನೆ, ಅವಳ ಮೈಮೇಲೆ ಬಂದವರು ಹೇಳಿದರೆ ಕೈಮುಗಿದು ಕೇಳುತ್ತೆ. ಯೋಚನೆ ಮಾಡಿ ನೋಡಿ.

ಮೊದಲ ನಾಗವಲ್ಲಿಯ ಕಥೆ ಹೀಗೆ ಡಾಕ್ಟರ ಕೈಯಲ್ಲಿ ಮುಗಿಯಿತು. ಆಮೇಲೆ ಅವಳು ಬೆಳೆದಳು. 2010ರ ಫೆಬ್ರವರಿಯಲ್ಲಿ 'ಆಪ್ತರಕ್ಷಕ' ಬಂತು. ಅದೇ ನಿರ್ದೇಶಕರು, ಅದೇ ಡಾಕ್ಟರ್ ವಿಜಯ್. ಈ ಸಲ ನಾಗವಲ್ಲಿಯ ಪಟ ಒಂದು ಮನೆಗೆ ಬರುತ್ತೆ, ಅದರ ಬೆನ್ನಿಗೇ ಕೆಡುಕು ಬರುತ್ತೆ. ನೂರು ವರ್ಷ ದಾಟಿದ ರಾಜ ಇನ್ನೂ ಬದುಕಿದ್ದಾನೆ! ಡಾಕ್ಟರು ಇದ್ದಾರೆ ನಿಜ, ಆದರೆ ಅವರ ಶಾಸ್ತ್ರಕ್ಕೆ ಮೊದಲಿನ ತೂಕ ಇಲ್ಲ. ಇದು ಕನ್ನಡದ ಕಥೆ ಮಾತ್ರ ಅಲ್ಲ. ಹಿಂದಿಯ 'ಭೂಲ್ ಭುಲಯ್ಯಾ' 2007ರಲ್ಲಿ ಮನಸ್ಸಿನ ಕಾಯಿಲೆಯ ಕಥೆ. 2022ರ ಎರಡನೇ ಭಾಗಕ್ಕೆ ಬರೋ ಹೊತ್ತಿಗೆ ನಿಜವಾದ ದೆವ್ವದ ಕಥೆ. ಕಾಯಿಲೆ ವಾಸಿಯಾದರೆ ಕಥೆ ಮುಗಿದುಹೋಗುತ್ತೆ. ದೆವ್ವವಾದರೆ ಎಷ್ಟು ಭಾಗ ಬೇಕಾದರೂ ಮಾಡಬಹುದು.

ಇದಕ್ಕಿಂತ ದೊಡ್ಡ ಬೆಳವಣಿಗೆ ಪರದೆ ಆಚೆ ಆಯಿತು. 2004ರ ಏಪ್ರಿಲ್ 17ರಂದು ಸೌಂದರ್ಯ ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದ ಸಣ್ಣ ವಿಮಾನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಅವರು, ಅವರ ಅಣ್ಣ ಸೇರಿ ನಾಲ್ಕು ಜನ ತೀರಿಕೊಂಡರು. 'ಆಪ್ತಮಿತ್ರ' ತೆರೆಗೆ ಬಂದಿದ್ದು ಅದಾದ ನಾಲ್ಕು ತಿಂಗಳಿಗೆ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ಹೃದಯಾಘಾತದಿಂದ ಹೋದರು. ವಯಸ್ಸು 59. 'ಆಪ್ತರಕ್ಷಕ' ಬಂದಿದ್ದು ಆಮೇಲೆ. ಅಷ್ಟು ಸಾಕಾಯ್ತು. 'ನಾಗವಲ್ಲಿ ಶಾಪ' ಅನ್ನೋ ಮಾತು ಹುಟ್ಟಿಕೊಂಡಿತು. ಮಲಯಾಳಂ ಲೇಖಕರೊಬ್ಬರ ಕಲ್ಪನೆಯ ಹೆಂಗಸು ಕನ್ನಡದಲ್ಲಿ ಇಬ್ಬರನ್ನು ಬಲಿ ತಗೊಂಡಳು ಅಂತ ಓದಿದವರೇ ಮಾತಾಡಿದರು. ಟಿ.ವಿ.ಗಳೂ ಮಾತಾಡಿದವು.

ನಾನು ಓದಿದ್ದು ಇಂಜಿನಿಯರಿಂಗ್. ಲೆಕ್ಕ ಅಂದರೆ ಎರಡೂ ಕಡೆ ಬರೆಯಬೇಕು. ನಾಗವಲ್ಲಿ ಪಾತ್ರವನ್ನು ಬೇರೆ ಬೇರೆ ಭಾಷೆಯಲ್ಲಿ, ಬೇರೆ ಬೇರೆ ಹೆಸರಲ್ಲಿ ಮಾಡಿದ ಶೋಭನಾ, ಜ್ಯೋತಿಕಾ, ವಿದ್ಯಾ ಬಾಲನ್, ವಿಮಲಾ ರಾಮನ್, ಅನುಷ್ಕಾ ಶೆಟ್ಟಿ ಎಲ್ಲರೂ ನಮ್ಮ ನಡುವೆ ಇದ್ದಾರೆ. 'ಆಪ್ತಮಿತ್ರ'ದಲ್ಲಿ ಗಂಗಾಳ ಗಂಡ ಆಗಿದ್ದ ರಮೇಶ್ ಅರವಿಂದ್ ಇದ್ದಾರೆ. ಶಾಪ ಅನ್ನೋದು ಇದ್ದರೆ ಅದು ಇವರನ್ನೆಲ್ಲ ಬಿಟ್ಟಿದ್ದು ಯಾಕೆ? ಶಾಪದ ಲೆಕ್ಕದಲ್ಲಿ ಸತ್ತವರನ್ನು ಮಾತ್ರ ಎಣಿಸ್ತಾರೆ, ಬದುಕಿದವರನ್ನು ಬಿಟ್ಟುಬಿಡ್ತಾರೆ. ಬೇಸರ ಏನಂದರೆ, 'ದ್ವೀಪ' ಮಾಡಿದ ಒಬ್ಬ ಕಲಾವಿದೆಯ ಸಾವು ಒಂದು ದೆವ್ವದ ಕಥೆಗೆ ಅಡಿಟಿಪ್ಪಣಿ ಆಗಿಹೋಯ್ತು.

ಪರದೇಶದ ಟಿ.ವಿ.ಯಲ್ಲಿ ದಾರಿ ಉಲ್ಟಾ ಇದೆ. ಅಮೆರಿಕದ 'ಬಫಿ' ಸೀರಿಯಲ್ ನೋಡಿದವರಿಗೆ ವಿಲೋ ಗೊತ್ತಿರುತ್ತೆ. ನಾಚಿಕೆ ಸ್ವಭಾವದ, ಕಂಪ್ಯೂಟರ್ ಬಲ್ಲ ಶಾಲಾ ಹುಡುಗಿ ಮಾಟ ಕಲಿತು, ಪ್ರೀತಿಸಿದವಳನ್ನು ಕಳಕೊಂಡ ದುಃಖದಲ್ಲಿ ಲೋಕವನ್ನೇ ಸುಡೋಕೆ ಹೊರಡ್ತಾಳೆ. ಅವಳನ್ನು ನಿಲ್ಲಿಸೋದು ಬಾಲ್ಯದ ಗೆಳೆಯನ ಪ್ರೀತಿಯ ಮಾತು. 2021ರ 'ವಾಂಡಾವಿಷನ್' ಕಥೆಯ ಮೂಲವೂ ದುಃಖವೇ. ಅಲ್ಲಿ ಮಾಟಗಾತಿ ಬೆಳೀತಾ ಬೆಳೀತಾ ಮನುಷ್ಯಳಾಗ್ತಾಳೆ. ನಮ್ಮ ನಾಗವಲ್ಲಿ ಮನುಷ್ಯಳಾಗಿ ಶುರುವಾಗಿ ಬೆಳೀತಾ ಬೆಳೀತಾ ದೆವ್ವ ಆದಳು.

ನಮ್ಮ ಸೀರಿಯಲ್‌ಗಳು ಇತ್ತೀಚೆಗೆ ಇನ್ನೊಂದು ದಾರಿ ಹಿಡಿದಿವೆ. 'ಯಾರೇ ನೀ ಮೋಹಿನಿ', 'ನಾ ನಿನ್ನ ಬಿಡಲಾರೆ' ಥರದ ಧಾರಾವಾಹಿಗಳಲ್ಲಿ ಸತ್ತ ಹೆಣ್ಣು ಒಳ್ಳೆಯವಳು, ಮನೆಯವರನ್ನು ಕಾಯೋವಳು. ಹೆದರಿಕೆ ಹೋಗಿ ಮಮತೆ ಬಂದಿದೆ, ಸಂತೋಷ. ಆದರೆ ಗಮನಿಸಿ, ಆ ಮನೆಗಳಲ್ಲಿ ಡಾಕ್ಟರ ಕುರ್ಚಿ ಖಾಲಿ. ದೆವ್ವ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಯನ್ನೇ ಯಾರೂ ಕೇಳಲ್ಲ.

ಈ ಖಾಲಿ ಕುರ್ಚಿಯ ಬೆಲೆ ತೆರೋರು ಯಾರು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿಯ ಹಳ್ಳಿಯಾದರೂ ಆಗಲಿ, ಒಬ್ಬ ಹೆಣ್ಣುಮಗಳು ಊಟ ಬಿಟ್ಟಳು, ಒಬ್ಬಳೇ ನಗ್ತಾಳೆ, ಇದ್ದಕ್ಕಿದ್ದಂತೆ ಕಿರುಚ್ತಾಳೆ ಅಂದರೆ ಮೊದಲು ಬರೋ ಮಾತು ಕನ್ನಡದಲ್ಲಿ 'ಗಾಳಿ ಮೆಟ್ಕೊಂಡಿದೆ', ತೆಲುಗಿನಲ್ಲಿ 'ದೆಯ್ಯಂ ಪಟ್ಟಿಂದಿ'. ಆಮೇಲೆ ತಾಯತ, ನಿಂಬೆಹಣ್ಣು, ತಡೆ ಒಡೆಸೋದು. ಅಲ್ಲಿಗೇ ನಿಂತರೆ ಪರವಾಗಿಲ್ಲ. ಬೇವಿನ ಬರಲು, ಮೆಣಸಿನಕಾಯಿ ಹೊಗೆ, ಸರಪಳಿ ಅಲ್ಲಿಂದ ದೂರ ಇಲ್ಲ. ಆ ಸರಪಳಿ ಏನು ಮಾಡುತ್ತೆ ಅಂತ ತಮಿಳುನಾಡಿನ ಏರ್ವಾಡಿ ತೋರಿಸಿತು. 2001ರ ಆಗಸ್ಟ್ 6ರ ಬೆಳಗಿನ ಜಾವ ದರ್ಗಾ ಹತ್ತಿರದ ಒಂದು ಆಶ್ರಯದಲ್ಲಿ ಬೆಂಕಿ ಬಿತ್ತು. ಅಲ್ಲಿದ್ದ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಓಡೋಕಾಗದೆ 28 ಜನ ಸತ್ತರು. 'ಆಪ್ತಮಿತ್ರ' ಬರೋದಕ್ಕೆ ಮೂರು ವರ್ಷ ಮೊದಲು.

ಕಾನೂನು ಈಗ ಇದೆ. ಮಾಟ ಮಂತ್ರ, ಅಮಾನವೀಯ ಆಚರಣೆಗಳ ವಿರುದ್ಧದ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸ್ತೀವಿ ಅಂತ ಕಟ್ಟಿಹಾಕೋದು, ಹೊಡೆಯೋದು, ಮೆಣಸಿನಕಾಯಿ ಹೊಗೆ ಹಾಕೋದು ಅಪರಾಧ. ಒಬ್ಬರನ್ನು ಮಾಟ ಮಾಡೋರು ಅಂತ ಹೆಸರಿಟ್ಟು ಹಿಂಸೆ ಕೊಡೋದೂ ಅಪರಾಧ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಮನೋರೋಗಿಗಳಿಗೆ ಸರಪಳಿ ಹಾಕೋದನ್ನು ಕೇಂದ್ರದ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಆದರೆ ಕಾನೂನು ಕೆಲಸ ಮಾಡೋಕೆ ಯಾರೋ ದೂರು ಕೊಡಬೇಕು. ಮನೆಯವರೇ ಕರ್ಕೊಂಡು ಹೋಗಿರುವಾಗ ದೂರು ಕೊಡೋರು ಯಾರು?

ಪ್ರಶ್ನೆ ಕೇಳೋದನ್ನು ಕಲಿಸಿದವರು ಈ ಸೀಮೆಯಲ್ಲೇ ಹುಟ್ಟಿದ್ದರು. ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿರೋ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನು, ಮೂಢನಂಬಿಕೆಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ಪರೀಕ್ಷೆ ಮಾಡದೆ ಒಪ್ಪಬೇಡಿ ಅನ್ನೋದು ಅವರ ಇಡೀ ಬದುಕಿನ ಪಾಠ. ಒಂದೇ ಜಿಲ್ಲೆ ನಮಗೆ ನಾಗವಲ್ಲಿಯನ್ನೂ ಕೊಟ್ಟಿತು, ನಾಗವಲ್ಲಿ ನಿಜವಾ ಅಂತ ಕೇಳೋ ಮೇಷ್ಟ್ರನ್ನೂ ಕೊಟ್ಟಿತು.

ಹಾಗಂತ ದೇವಸ್ಥಾನ ಬಿಡಿ ಅಂತ ನಾನು ಹೇಳಲ್ಲ. 'ಆಪ್ತಮಿತ್ರ'ದ ಜಾಣತನ ಅಲ್ಲೇ ಇದೆ. ಅದರಲ್ಲಿ ಅವಿನಾಶ್ ಮಾಡಿದ ಆಚಾರ್ಯರಿದ್ದಾರೆ. ಅವರು ಡಾಕ್ಟರ ಜೊತೆ ಜಗಳಕ್ಕೆ ನಿಲ್ಲಲ್ಲ, ಕೈ ಜೋಡಿಸ್ತಾರೆ. ರಾಜನನ್ನು ಸುಟ್ಟೆ ಅಂತ ಗಂಗಾ ನಂಬೋ ಹಾಗೆ ಇಬ್ಬರೂ ಸೇರಿ ಮಾಡ್ತಾರೆ. ನಿಜವಾದ ಚಿಕಿತ್ಸೆ ಒಂದೇ ರಾತ್ರಿಯಲ್ಲಿ ಆಗಲ್ಲ. ಅದಕ್ಕೆ ಮಾತು ಬೇಕು, ಮನೆಯವರ ಸಹನೆ ಬೇಕು, ಕೆಲವರಿಗೆ ಮಾತ್ರೆ ಬೇಕು. ಆದರೆ ಆ ದೃಶ್ಯದಲ್ಲಿ ಯಾರೂ ಅವಳನ್ನು ಹೊಡೆಯಲ್ಲ. ಅವಳ ಸಿಟ್ಟನ್ನು ಪೂರ್ತಿ ಹೊರಗೆ ಬರೋಕೆ ಬಿಡ್ತಾರೆ. ಅಷ್ಟು ಕಲಿತರೂ ಸಾಕು.

ಆದ್ದರಿಂದ ಪೂಜೆ ಮಾಡಿಸೋದಿದ್ದರೆ ಮಾಡಿಸಿ, ಆಸ್ಪತ್ರೆಗೂ ಹೋಗಿ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡ್ತಾರೆ. ಮುಳಬಾಗಿಲಿನಿಂದ ನಿಮ್ಹಾನ್ಸ್‌ಗೆ ನೂರು ಕಿಲೋಮೀಟರಿನ ಹತ್ತಿರ, ಅಷ್ಟು ದೂರ ಆಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಮುಂದಿನ ಸಲ ಟಿ.ವಿ.ಯಲ್ಲಿ 'ಆಪ್ತಮಿತ್ರ' ಬಂದಾಗ ದಯವಿಟ್ಟು ಹಾಡು ಮುಗೀತು ಅಂತ ಚಾನೆಲ್ ಬದಲಾಯಿಸಬೇಡಿ. ಡಾಕ್ಟರು ಮಾತಾಡೋ ಭಾಗ ಆಮೇಲೂ ಇದೆ. ಮಕ್ಕಳನ್ನು ಕೂರಿಸಿಕೊಂಡು ಅದನ್ನೂ ನೋಡಿ.