ಹಿಂಗಾರಿಗೊಂದು ಕೈತೋಟ

"ಅಯ್ಯೋ, ನಮ್ಮ ಲೈನ್ ಮನೆಗೆ ಹಿತ್ತಲೆಲ್ಲಿದೆ ರೀ, ತೋಟ ಮಾಡೋಕೆ?" ಎಂದು ಕೆ.ಜಿ.ಎಫ್.ನ ಸೋದರಿಯರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನವರಾತ್ರಿಗೆ ಗೊಂಬೆ ಕೂರಿಸಿ, ತಟ್ಟೆಯಷ್ಟು ಮಣ್ಣಿನಲ್ಲಿ ರಾಗಿ ಮೊಳಕೆ ಬರಿಸಿ 'ಪಾರ್ಕು' ಮಾಡುವವರೂ ನಾವೇ ಅಲ್ಲವೆ? ಬಾಗಿಲ ಮುಂದೆ ನಾಲ್ಕಡಿ ಜಾಗ, ದಿನಕ್ಕೆ ಐದಾರು ಗಂಟೆ ಬಿಸಿಲು ಇದ್ದರೆ ಸಾಕು.

ಗೌರಿ ಹಬ್ಬ ಕಳೆದ ಮೇಲೆ ಶುರು ಮಾಡಿ. ನಮ್ಮ ಕೋಲಾರದ ಸೀಮೆಗೆ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಮೇಲಿನ ತಂಪು ಸೊಪ್ಪಿಗೂ ಗಡ್ಡೆಗೂ ಹಿತ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಟೊಮೆಟೊಗೆ ಹೆಸರಾದ ನಮ್ಮ ಜಿಲ್ಲೆಯಲ್ಲೇ ಸಾರಿಗೆ ಹುಣಸೆಹಣ್ಣೇ ಗತಿಯಾದದ್ದು ಮರೆತಿಲ್ಲ ತಾನೆ?

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಸಯನೈಡ್ ದಿಬ್ಬಗಳು ಉಳಿದವು. ಅದಿರು ಪುಡಿಮಾಡಿ, ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣದು. ನುಣುಪಾಗಿದೆ, ಹತ್ತಿರದಲ್ಲಿದೆ ಎಂದು ಅದನ್ನು ಕುಂಡಕ್ಕೆ ತುಂಬಲೇಬೇಡಿ. ದಿಬ್ಬದ ಸಮೀಪ ಇರುವವರು ನೆಲದಲ್ಲಿ ಪಾತಿ ಮಾಡುವುದಕ್ಕಿಂತ ಚೀಲ, ಕುಂಡಗಳಲ್ಲಿ ಬೆಳೆಯುವುದೇ ಕ್ಷೇಮ. ದೂರದ ಹೊಲದ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಹಳೆಯ ಅಕ್ಕಿ ಚೀಲವಾದರೂ ಆದೀತು, ತಳದಲ್ಲಿ ತೂತಿರಲಿ. ಗಾಳಿಗೆ ದೂಳು ಕೂರುವ ಕಡೆ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ, ಗಡ್ಡೆಯ ಸಿಪ್ಪೆ ಹೆರೆಯಿರಿ. ಬಂಗಾರಪೇಟೆಯ ಕಡೆ ದಿಬ್ಬಗಳ ಕಾಟವಿಲ್ಲದವರು ಧೈರ್ಯವಾಗಿ ನೆಲದಲ್ಲೇ ಪಾತಿ ಮಾಡಿ.

ಮೊದಲ ಸಲ ಬೇಗ ಕೈಗೆ ಬರುವುದನ್ನೇ ಹಾಕಿ. ಮೆಂತ್ಯ ತಿಂಗಳೊಳಗೆ ಸಿದ್ಧ. ದಂಟಿನ ಸೊಪ್ಪೂ ಅಷ್ಟೇ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೊಳೆಯಲು ಹತ್ತು ದಿನವಾದರೂ ಬೇಕು, ಅವಸರಪಟ್ಟು ಕೆದಕಬೇಡಿ! ಮೂಲಂಗಿ ನಲವತ್ತು ದಿನಕ್ಕೆ, ಗಿಡ ಹುರುಳಿಕಾಯಿ ಐವತ್ತು ದಿನಕ್ಕೆ. ಟೊಮೆಟೊ, ಬದನೆ ಬೇರೆ ಮಡಿಯಲ್ಲಿ ಬಿತ್ತಿ, ಇಪ್ಪತ್ತೈದು ದಿನದ ಸಸಿಯನ್ನು ಸಂಜೆ ಹೊತ್ತು ನೆಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ, 'ಅರ್ಕಾ ಕೋಮಲ್' ಹುರುಳಿಕಾಯಿ ಒಳ್ಳೆಯ ತಳಿಗಳು. ಎಲ್ಲವನ್ನೂ ಒಂದೇ ದಿನ ಬಿತ್ತದೆ, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿದರೆ ಅಡಿಗೆಮನೆಗೆ ಬಿಡುವಿಲ್ಲದೆ ಸಿಗುತ್ತದೆ.

ನೀರಿನ ಕಷ್ಟ ನಮಗೆ ಹೇಳಿಕೊಡಬೇಕೆ? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿಗೆ ಸುರಿದಿಟ್ಟು ಗಿಡದ ಬುಡಕ್ಕೆ ಹಾಕಿ. ಸೋಪಿನ ನೀರು ಬೇಡ. ಬುಡಕ್ಕೆ ಒಣಗಿದ ಎಲೆ ಹೊದಿಸಿದರೆ ತೇವ ಆರದು. ಹೇನು ಬಿದ್ದರೆ ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ಚೂರು ಸೋಪಿನ ಪುಡಿ ಕದಡಿ ಸಂಜೆ ಸಿಂಪಡಿಸಿ.

ಮಾರಿಕುಪ್ಪಂನಿಂದ ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಡಬ್ಬಿಗೆ ನಸುಕಿನಲ್ಲೇ ಏನಾದರೂ ಆಗಬೇಕಲ್ಲ? ಬಾಗಿಲ ಬಳಿಯ ಚೀಲದಿಂದ ಒಂದು ಹಿಡಿ ಮೆಂತ್ಯ ಚಿವುಟಿ ತನ್ನಿ. ಚಪಾತಿ ಹಿಟ್ಟಿಗೆ ಕಲಸಿದರೂ ಆಯಿತು, ಅನ್ನಕ್ಕೆ ಬೆರೆಸಿದರೂ ಆಯಿತು. ಆ ಹೊತ್ತಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ, ನಿಮ್ಮ ತೋಟ ಮಾತ್ರ ತೆರೆದಿರುತ್ತದೆ.