ಕಾಫಿ ಕೊಯ್ಲಿನ ಕಾಲದಲ್ಲಿ ಎಳೆಗೂಸಿನ ಬೆಳವಣಿಗೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಫೆಬ್ರವರಿಯವರೆಗೆ ನಡೆಯುತ್ತದೆ. ಆಗ ತಾಯಿ ದಿನವಿಡೀ ತೋಟದಲ್ಲಿದ್ದರೆ, ಲೈನ್ ಮನೆಯಲ್ಲಿ ಉಳಿದ ಕೂಸಿಗೆ ಹೊತ್ತಿಗೆ ಸರಿಯಾಗಿ ಎದೆಹಾಲು ಸಿಗದೆ ಬೆಳವಣಿಗೆ ಕುಂಠಿತವಾಗಬಹುದು.

ಬೆಳವಣಿಗೆಯು ಗರ್ಭದಲ್ಲಿಯೇ ಆರಂಭವಾಗುವುದು. ಗರ್ಭಿಣಿಗೆ ಆಹಾರ ಸಾಲದಿದ್ದರೆ ಅಥವಾ ರಕ್ತಹೀನತೆಯಿದ್ದರೆ 2.5 ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಸಾಮಾನ್ಯವಾಗಿ ಮಗುವಿನ ತೂಕ ಸುಮಾರು 5 ತಿಂಗಳಿಗೆ ಹುಟ್ಟುತೂಕದ ಎರಡರಷ್ಟು, ಒಂದು ವರ್ಷಕ್ಕೆ ಮೂರರಷ್ಟು ಆಗುತ್ತದೆ.

ಮೊದಲ 6 ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ. ಮಗು ಚೀಪಿದಷ್ಟೂ ಹಾಲು ಊರುತ್ತದೆ. ಗಂಟೆಗಟ್ಟಲೆ ಕುಡಿಸದಿದ್ದರೆ ದಿನೇ ದಿನೇ ಕಡಿಮೆಯಾಗುತ್ತದೆ. ಬದಲಿಗೆ ಶೀಸೆಯಲ್ಲಿ ನೀರು ಬೆರೆಸಿದ ಹಾಲು ಕೊಟ್ಟರೆ ಪೋಷಣೆ ಸಾಲದು, ಭೇದಿಯ ಭಯವೂ ಉಂಟು. ಭೇದಿಯಾದರೆ ತೂಕ ಬೇಗನೆ ಇಳಿಯುತ್ತದೆ.

ಆದುದರಿಂದ ತೋಟದ ಮಾಲೀಕರು ಹಾಲೂಡಿಸುವ ತಾಯಿಗೆ ಮನೆಯ ಸಮೀಪದಲ್ಲೇ ಕೆಲಸ ಕೊಟ್ಟು, 2-3 ಗಂಟೆಗೊಮ್ಮೆ ಬಿಡುವು ಕೊಡುವುದು ಅವಶ್ಯಕ. ಅದು ಸಾಧ್ಯವಾಗದ ದಿನ, ಶುದ್ಧವಾದ ಪಾತ್ರೆಯಲ್ಲಿ ಹಿಂಡಿ ಮುಚ್ಚಿಟ್ಟ ಎದೆಹಾಲನ್ನು 4 ಗಂಟೆಯೊಳಗೆ, ಕುದಿಸಿ ತೊಳೆದ ಒಳಲೆಯಿಂದ ಕುಡಿಸಬಹುದು. ಮಲೆನಾಡಿನ ಚಳಿಯಲ್ಲಿ ಕೂಸನ್ನು ಬೆಚ್ಚಗಿಡಬೇಕು.

ಪ್ರತಿ ತಿಂಗಳೂ ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಬೇಕು. ಗೆರೆ ಮೇಲೇರದಿದ್ದರೆ ಕೊಯ್ಲು ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸತಕ್ಕದ್ದು.